ಪಕ್ಕದ ಮನೆ ಕಾರು ಚಾರ್ಜಿಗೆ ಹಾಕಿದರೆ ನಮ್ಮ ಮನೆ ಲೈಟು ಮಂಕಾಗುತ್ತೆ, ಏನು ಮಾಡೋದು?

ಆಲೂರು ಕಡೆಯವನು · ಭಾನುವಾರ ರಾತ್ರಿ 8:10

ಎಲ್ಲರಿಗೂ ನಮಸ್ಕಾರ. ಆಲೂರಿನಿಂದ ಸ್ವಲ್ಪ ಒಳಗೆ ನಮ್ಮೂರು. ಟಿಸಿಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್‌ನಿಂದ, ಎಣಿಸಿದರೆ ನಮ್ಮದು ಹತ್ತನೇ ಕಂಬ. ಅಲ್ಲಿಗೆ ಲೈನೇ ಮುಗಿಯಿತು. ಪಕ್ಕದಲ್ಲೇ ದೊಡ್ಡಪ್ಪನ ಮನೆ. ಯುಗಾದಿ ಹೊತ್ತಿಗೆ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಎಲೆಕ್ಟ್ರಿಕ್ ಕಾರು ತಂದ. ಪೂಜೆಗೆ ನಾವೇ ಮುಂದೆ ನಿಂತು ನಿಂಬೆಹಣ್ಣು ಇಟ್ಟೆವು.

ಈಗ ಸಮಸ್ಯೆ ಏನಂದರೆ, ಅವನು ಸಂಜೆ 7 ಗಂಟೆಗೆ ಹಾಸನದಿಂದ ಬಂದು ಚಾರ್ಜಿಗೆ ಹಾಕುತ್ತಾನೆ. ಆಗ ನಮ್ಮ ಅಡುಗೆಮನೆ ಟ್ಯೂಬ್‌ಲೈಟ್ ಮಂಕಾಗುತ್ತದೆ. ಫ್ಯಾನು ನಿಧಾನ. ಫ್ರಿಡ್ಜಿನ ಸ್ಟೆಬಿಲೈಸರ್ ಟಕ್ ಟಕ್ ಅನ್ನುತ್ತಲೇ ಇರುತ್ತದೆ. ಮಿಕ್ಸಿಗೆ ಕಾಯಿ ಹಾಕಿದರೆ ಅರ್ಧ ಅರೆದು ಅರ್ಧ ಹಾಗೇ ಉಳಿಯುತ್ತದೆ. ಮೊನ್ನೆ ಅಮ್ಮನಿಗೂ ದೊಡ್ಡಮ್ಮನಿಗೂ ಮಾತಿಗೆ ಮಾತು ಬೆಳೀತು. ಮೂರು ದಿನದಿಂದ ಆ ಮನೆಗೂ ಈ ಮನೆಗೂ ಮಜ್ಜಿಗೆ ಓಡಾಡಿಲ್ಲ.

ಇದು ನಿಜವಾಗಿ ಕಾರಿನಿಂದಲೇ ಆಗುತ್ತಿದೆಯಾ? ತಿಳಿದವರು ಹೇಳಿ.

ಶಿರಾಡಿ ಸವಾರ · 8:24

ಸುಮ್ನೆ ಕಾರಿನ ಮೇಲೆ ಹಾಕಬೇಡಿ. ಮನೆಯ 15 ಆಂಪಿಯರ್ ಸಾಕೆಟ್‌ನಲ್ಲಿ ಹಾಕಿದರೆ 3.3 ಕಿಲೋವ್ಯಾಟ್, ಅಷ್ಟೇ. ಒಂದು ಗೀಸರ್ ಎಳೆಯುವಷ್ಟು. ನಿಮ್ಮೂರಲ್ಲಿ ಗೀಸರ್ ಯಾರ ಮನೆಯಲ್ಲೂ ಇಲ್ವಾ?

ಕಾಫಿ ಕಣ · 8:31

ಗೀಸರ್ ಇಪ್ಪತ್ತು ನಿಮಿಷ ಮಾರಾಯ್ರೆ. ಕಾರು ಆರು, ಎಂಟು ಗಂಟೆ. ಎರಡೂ ಒಂದೇ ಅನ್ನೋಕಾಗಲ್ಲ.

ಶಿರಾಡಿ ಸವಾರ · 8:35

ಸರಿ, ಆದರೂ ಕರೆಂಟಿನ ಪ್ರಮಾಣ ಒಂದೇ ಅಲ್ವಾ? ಗೀಸರಿಗೆ ಮಂಕಾಗದ ಲೈಟು ಕಾರಿಗೆ ಯಾಕೆ ಮಂಕಾಗಬೇಕು?

ಕಂಬದ ಕೆಲಸ · 9:02

ನಾನು 31 ವರ್ಷ ಲೈನ್ ಕೆಲಸ ಮಾಡಿ ನಿವೃತ್ತಿಯಾದವನು. ತಮ್ಮಾ, ಒಂದು ವಿಷಯ ಹೇಳ್ತೀನಿ ಕೇಳು. ಮೊದಲು ಜಗಳ ನಿಲ್ಲಿಸಿ. ಆಮೇಲೆ ಅಳತೆ ತೊಗೊಳ್ಳಿ. ಅಳತೆ ಇಲ್ಲದೆ ಯಾರನ್ನೂ ದೂರಬಾರದು.

ನಿಮ್ಮ ಟಿಸಿ ಎಷ್ಟು ಕೆವಿಎ, ಅಂದರೆ ಅದರ ಸಾಮರ್ಥ್ಯ ಎಷ್ಟು? 25, 63, 100 ಅಂತ ತೊಟ್ಟಿ ಮೇಲೆ ಬರೆದಿರುತ್ತದೆ. ಕಂಬದ ಮೇಲೆ ಕರೆಂಟು ತರುವ ವೈರು ಮೂರು, ಆರ್, ವೈ, ಬಿ ಫೇಸ್ ಅಂತ. ನಿಮ್ಮದೂ ದೊಡ್ಡಪ್ಪನದೂ ಒಂದೇ ಫೇಸಾ? ಒಂದು ಮಲ್ಟಿಮೀಟರ್ ತೊಗೊಂಡು ಸಂಜೆ 7:30ಕ್ಕೆ ಕಾರು ಆನ್ ಇದ್ದಾಗ ಒಮ್ಮೆ, ಆಫ್ ಮಾಡಿಸಿ ಒಮ್ಮೆ ವೋಲ್ಟೇಜ್ ನೋಡಿ. ಅದನ್ನೇ ರಾತ್ರಿ 11:30ಕ್ಕೆ ಮತ್ತೆ ಮಾಡಿ. ಈ ನಾಲ್ಕು ನಂಬರ್ ತಂದರೆ ಅರ್ಧ ಕಾಯಿಲೆ ಗೊತ್ತಾಗುತ್ತದೆ. ಕಂಬ ಹತ್ತಬೇಡಿ. ಮನೆಯೊಳಗಿನ ಸಾಕೆಟ್‌ನಲ್ಲೇ ನೋಡಿ.

ಪವರ್ ಪಾಠ · 9:40

ಮೇಲಿನವರು ಹೇಳಿದ್ದು ಸರಿ. ನಾನು ಹಾಸನದಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ಒಂದು ಅಂದಾಜು ಲೆಕ್ಕ ಕೊಡುತ್ತೇನೆ.

ಹತ್ತು ಕಂಬ ಅಂದರೆ ಸುಮಾರು 400 ಮೀಟರ್. ಹಳ್ಳಿ ಲೈನುಗಳಲ್ಲಿ ವೀಸಲ್ ಅನ್ನುವ ತೆಳು ಅಲ್ಯೂಮಿನಿಯಂ ವೈರು ಜಾಸ್ತಿ. ಅದಕ್ಕೆ ಕಿಲೋಮೀಟರಿಗೆ ಸುಮಾರು 0.9 ಓಮ್ ತಡೆ. 400 ಮೀಟರಿಗೆ 0.36. ಕರೆಂಟು ಫೇಸ್‌ನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು, ಹಾಗಾಗಿ ಎರಡು ಪಟ್ಟು, 0.72 ಓಮ್. ಕಾರು 15 ಆಂಪಿಯರ್ ಎಳೆದರೆ 15 × 0.72, ಅಂದರೆ ಸುಮಾರು 11 ವೋಲ್ಟ್ ದಾರಿಯಲ್ಲೇ ಹೋಯಿತು. ಅದೇ 7.2 ಕಿಲೋವ್ಯಾಟ್ ವಾಲ್ ಚಾರ್ಜರ್ ಹಾಕಿಸಿದ್ದರೆ 32 ಆಂಪಿಯರ್, 23 ವೋಲ್ಟ್. ಟಿಸಿ ಪಕ್ಕದ ಮನೆಯಲ್ಲಿ ಇದೇ ಕಾರು ಚಾರ್ಜಾದರೆ ಒಂದು ವೋಲ್ಟೂ ಬೀಳೋದಿಲ್ಲ.

ಶಿರಾಡಿ ಸವಾರರೇ, ಗೀಸರಿಗೂ ಚಾರ್ಜರಿಗೂ ಇನ್ನೊಂದು ವ್ಯತ್ಯಾಸ ಇದೆ. ವೋಲ್ಟೇಜ್ ಬಿದ್ದರೆ ಗೀಸರ್ ಎಳೆಯುವ ಕರೆಂಟೂ ಕಮ್ಮಿಯಾಗುತ್ತದೆ. ನೀರು ತಡವಾಗಿ ಕಾಯುತ್ತದೆ, ಅಷ್ಟೇ. ಚಾರ್ಜರ್ ಹಾಗಲ್ಲ. ತನಗೆ ಬೇಕಾದ ಪವರ್ ಸಿಗಲಿ ಅಂತ, ತನ್ನ ಮಿತಿ ಮುಟ್ಟುವವರೆಗೂ ಆಂಪಿಯರ್ ಏರಿಸುತ್ತಲೇ ಹೋಗುತ್ತದೆ. ಮೊದಲೇ ಸೋತ ಲೈನಿಗೆ ಅದು ಇನ್ನಷ್ಟು ಭಾರ.

ಶಿರಾಡಿ ಸವಾರ · 9:48

ಇದು ಗೊತ್ತಿರಲಿಲ್ಲ ಸರ್. ಒಪ್ಪಿದೆ.

ಅರಸೀಕೆರೆ ತೆಂಗು · 9:55

ನಮ್ಮ ಕಡೆ ಕಾರೇ ಇಲ್ಲ, ಆದರೂ ಸಂಜೆ ವೋಲ್ಟೇಜ್ ಇರಲ್ಲ. ಅದಕ್ಕೆ ಯಾರನ್ನು ಕೇಳೋಣ?

ಹೇಮಾವತಿ ತೀರ · 10:20

ನಾನು ಎರಡು ವರ್ಷದಿಂದ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ, ಹಾಸನ ಟೌನ್. ಲೈನಿನ ವಿಷಯ ದೊಡ್ಡವರು ಹೇಳಲಿ. ಮನೆಯೊಳಗಿನದು ನಾನು ಹೇಳುತ್ತೇನೆ, ಯಾಕಂದರೆ ಅನುಭವಿಸಿದ್ದೇನೆ.

ಮೊದಲ ತಿಂಗಳು ಮನೆಯ ಹಳೇ 16 ಆಂಪಿಯರ್ ಸಾಕೆಟ್‌ಗೇ ಹಾಕುತ್ತಿದ್ದೆವು. ಒಂದು ಬೆಳಿಗ್ಗೆ ಪ್ಲಗ್ ಎಳೆದರೆ ಬರಲೇ ಇಲ್ಲ. ಎಡಗಡೆ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಪ್ಲಗ್ಗಿಗೆ ಅಂಟಿಕೊಂಡಿತ್ತು. ಸುಟ್ಟ ಮೀನಿನ ಥರ ವಾಸನೆ. ಬಿಚ್ಚಿ ನೋಡಿದರೆ ಒಳಗೆ ಸ್ಕ್ರೂ ಸಡಿಲ, ವೈರಿನ ಎಳೆಗಳು ಅರ್ಧ ಹೊರಗೆ. ಇಸ್ತ್ರಿ ಪೆಟ್ಟಿಗೆಗೆ ಹತ್ತು ನಿಮಿಷ ತಡೆದುಕೊಂಡಿದ್ದ ಸಾಕೆಟ್ಟು ಎಂಟು ಗಂಟೆ ತಡೆಯಲಿಲ್ಲ.

ಆಮೇಲೆ ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ 4 ಎಂಎಂ ತಾಮ್ರದ ವೈರು, ಬೇರೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್), ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿದೆವು. ಲೋಡ್, ಅಂದರೆ ಮನೆಗೆ ಮಂಜೂರಾದ ಕಿಲೋವ್ಯಾಟ್, ಕೂಡ ಜಾಸ್ತಿ ಮಾಡಿಸಿದೆವು. ನಿಮ್ಮ ಅಣ್ಣನಿಗೆ ದಯವಿಟ್ಟು ಇದನ್ನು ಹೇಳಿ. ಚಾರ್ಜ್ ಶುರುವಾಗಿ ಒಂದು ಗಂಟೆ ಆದ ಮೇಲೆ ಪ್ಲಗ್ಗಿನ ಮೇಲೆ ಕೈ ಇಟ್ಟು ನೋಡಲಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡೋಕೆ ಆಗದಿದ್ದರೆ ಅವತ್ತೇ ನಿಲ್ಲಿಸಲಿ.

ಬಾಳೆಹೊನ್ನೂರು ಹೋಂಸ್ಟೇ · 10:41

ಅಕ್ಕಾ, ಲೋಡ್ ಜಾಸ್ತಿ ಮಾಡಿಸಿದರೆ ಗೃಹಜ್ಯೋತಿ ಹೋಗುತ್ತಾ?

ಹೇಮಾವತಿ ತೀರ · 10:46

ಲೋಡಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಯೂನಿಟ್ ನೋಡಿಕೊಳ್ಳಬೇಕು. ತಿಂಗಳಿಗೆ 1000 ಕಿಲೋಮೀಟರ್ ಓಡಿಸಿದರೆ ಕಾರಿಗೇ 150 ಯೂನಿಟ್ ಹತ್ತಿರ ಹೋಗುತ್ತದೆ. ಮನೆ ಖರ್ಚು ಸೇರಿ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಆದರೂ ಪೆಟ್ರೋಲ್ ಲೆಕ್ಕಕ್ಕೆ ಹೋಲಿಸಿದರೆ ಉಳಿತಾಯವೇ.

ಕಾಫಿ ಕಣ · 10:58

ಬಿಲ್ಲಿನ ಮಾತು ಬೇರೆ ಕಡೆ ಮಾಡೋಣ, ಇಲ್ಲಿ ವೋಲ್ಟೇಜ್ ವಿಷಯ ಇರಲಿ. ನಮ್ಮ ಕಷ್ಟ ಕೇಳಿ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ನಾವು ಸ್ಪ್ರಿಂಕ್ಲರ್ ಹೊಡೆಯಲೇಬೇಕು. ಸರಿಯಾದ ದಿನಕ್ಕೆ ನೀರು ಬೀಳದಿದ್ದರೆ ರೊಬಸ್ಟಾ ಕಾಫಿ ಹೂವು ಕಟ್ಟಲ್ಲ, ಆ ವರ್ಷದ ಫಸಲೇ ಹೋಯಿತು. ಆ ಹೊತ್ತಿಗೆ ಇಡೀ ತಾಲೂಕಿನ ಮೋಟರು ಓಡುತ್ತಿರುತ್ತವೆ. ಅದರ ಮೇಲೆ ಹೋಂಸ್ಟೇಗಳ ಕಾರು ಚಾರ್ಜಿಂಗ್ ಬಂದರೆ ನಮ್ಮ ಮೋಟರಿನ ಗತಿ ಏನು? ಹೋದ ವರ್ಷ ಒಂದು ಮೋಟರ್ ಸುಟ್ಟಿದೆ, ವೈಂಡಿಂಗ್ ಮಾಡಿಸುವಷ್ಟರಲ್ಲಿ ಹೂವಿನ ಸಮಯ ಮುಗಿದಿತ್ತು.

ಪವರ್ ಪಾಠ · 11:15

ನಿಮ್ಮ ಆತಂಕ ನ್ಯಾಯವಾದದ್ದು. ಮೋಟರಿನ ಎಳೆಯುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುತ್ತದೆ. ವೋಲ್ಟೇಜ್ 90 ಶೇಕಡಾ ಆದರೆ ಶಕ್ತಿ 81 ಶೇಕಡಾ. ಅದಕ್ಕಿಂತ ಕೆಟ್ಟದ್ದು ಮೂರು ಫೇಸ್ ನಡುವಿನ ಹೆಚ್ಚು ಕಮ್ಮಿ. ಮೂರು ಫೇಸಿನ ವೋಲ್ಟೇಜ್‌ನಲ್ಲಿ 3.5 ಶೇಕಡಾ ಏರುಪೇರು ಇದ್ದರೆ ಮೋಟರಿನ ಬಿಸಿ ಸುಮಾರು 25 ಶೇಕಡಾ ಜಾಸ್ತಿಯಾಗುತ್ತದೆ. ಕಾರುಗಳೆಲ್ಲ ಒಂದೇ ಫೇಸಿಗೆ ಬಿದ್ದರೆ ಆಗೋದು ಇದೇ.

ಆದರೆ ಒಂದು ಮಾತು. ಮೋಟರ್ ಶುರುವಾಗುವಾಗ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಲೈಟು ಒಮ್ಮೆ ಕಣ್ಣು ಮುಚ್ಚಿ ತೆರೆದ ಹಾಗೆ ಆಗುವುದು ಅದರಿಂದ. ಕಾರಿನ ಚಾರ್ಜರ್ ಹಾಗೆ ಮಾಡಲ್ಲ, ಮೆಲ್ಲಗೆ ಏರುತ್ತದೆ. ಅದರ ತೊಂದರೆ ಹೊಡೆತದ್ದಲ್ಲ, ಹೊತ್ತಿನದು.

ಕಂಬದ ಕೆಲಸ · 11:30

ಈ ಹೊತ್ತಿನ ಮಾತು ಮುಖ್ಯ. ನಮ್ಮ ಕಾಲದಲ್ಲಿ ಟಿಸಿ ರಾತ್ರಿ ಹತ್ತರ ಮೇಲೆ ಮಲಗುತ್ತಿತ್ತು. ಸಂಜೆ ಎಷ್ಟೇ ಬಿಸಿಯಾಗಲಿ, ಬೆಳಗಿನ ಜಾವದ ಹೊತ್ತಿಗೆ ಎಣ್ಣೆ ತಣ್ಣಗಾಗುತ್ತಿತ್ತು. ಊರಲ್ಲಿ ಹತ್ತು ಕಾರು ರಾತ್ರಿಯಿಡೀ ಎಳೆದರೆ ಅದಕ್ಕೆ ವಿಶ್ರಾಂತಿ ಸಿಗಲ್ಲ.

ಪವರ್ ಪಾಠ · 11:37

ಹೌದು ಸರ್. ವೈಂಡಿಂಗಿನ ಅತಿ ಬಿಸಿ ಜಾಗ 98 ಡಿಗ್ರಿ ದಾಟಿದ ಮೇಲೆ ಪ್ರತಿ 6 ಡಿಗ್ರಿಗೂ ಒಳಗಿನ ಕಾಗದದ ಇನ್ಸುಲೇಷನ್ ಎರಡು ಪಟ್ಟು ವೇಗದಲ್ಲಿ ಹಳತಾಗುತ್ತದೆ. ನೀವು ಕೈಯಿಂದ ಕಂಡಿದ್ದನ್ನೇ ಪುಸ್ತಕ ಹೇಳುತ್ತದೆ.

ಆಲೂರು ಕಡೆಯವನು · ಮಂಗಳವಾರ ರಾತ್ರಿ 11:52

ಅಳತೆ ತೊಗೊಂಡೆ. ಮೊದಲು ಅಣ್ಣನ ಹತ್ತಿರ ಹೋಗಿ ವಿಷಯ ಹೇಳಿದೆ. ಅವನೇ ಮಲ್ಟಿಮೀಟರ್ ತಂದುಕೊಟ್ಟು, ಆನ್ ಆಫ್ ಮಾಡುತ್ತಾ ನಿಂತ. ಟಿಸಿ 63 ಕೆವಿಎ. ಎರಡೂ ಮನೆ ಆರ್ ಫೇಸ್.

ಸಂಜೆ 7:30, ಕಾರು ಆನ್: 197 ವೋಲ್ಟ್. ಕಾರು ಆಫ್: 208.
ರಾತ್ರಿ 11:30, ಕಾರು ಆನ್: 214. ಕಾರು ಆಫ್: 224.

ಇನ್ನೊಂದು ವಿಚಿತ್ರ. ಎದುರುಮನೆ ಅಜ್ಜನ ಮನೆ ಬಿ ಫೇಸ್. ಅಲ್ಲಿಯೂ ನೋಡಿದೆ. ಕಾರು ಆಫ್ ಇದ್ದಾಗ 226 ಇತ್ತು. ಆನ್ ಮಾಡಿದರೆ 229 ಆಯಿತು! ಕಾರು ಚಾರ್ಜಾದರೆ ಅವರ ಮನೆಗೆ ವೋಲ್ಟೇಜ್ ಜಾಸ್ತಿ ಬರುತ್ತದೆ. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಹಾಗೇ. ನನ್ನ ಮೀಟರ್ ಕೆಟ್ಟಿದೆಯಾ?

ಶಿರಾಡಿ ಸವಾರ · ಬುಧವಾರ ಬೆಳಿಗ್ಗೆ 6:50

ನೋಡಿ, ಕಾರು ಇಲ್ಲದೆಯೂ ಸಂಜೆ 208. 230 ರಿಂದ 33 ವೋಲ್ಟ್ ಬಿದ್ದಿದ್ದರಲ್ಲಿ 11 ಕಾರಿನದು. ಉಳಿದ 22 ಊರಿನದು. ಇದನ್ನು ನಿಮ್ಮ ಅಮ್ಮನಿಗೆ ಹೇಳಿ.

ಕಾಫಿ ಕಣ · 7:05

ಆ 22 ಮೊದಲಿಂದ ಇತ್ತು, ಹೇಗೋ ನಡೀತಿತ್ತು. ಮೇಲಿನ 11 ಬಂದ ಮೇಲೆ ಮಿಕ್ಸಿ ನಿಂತಿತು. ಅಮ್ಮ ಹೇಳಿದ್ದೂ ಸುಳ್ಳಲ್ಲ.

ಪವರ್ ಪಾಠ · 7:30

ನಿಮ್ಮ ಮೀಟರ್ ಚೆನ್ನಾಗಿದೆ. ಎದುರುಮನೆಯಲ್ಲಿ ನೀವು ಕಂಡದ್ದು ಈ ಇಡೀ ಚರ್ಚೆಯಲ್ಲೇ ಬೆಲೆಬಾಳುವ ಅಳತೆ.

ಮೂರು ಫೇಸಿಗೂ ನ್ಯೂಟ್ರಲ್ ಒಂದೇ. ಟಿಸಿ ಹತ್ತಿರ ಅದು ಭೂಮಿಗೆ ಕಟ್ಟಿರುತ್ತದೆ, ಸೊನ್ನೆಯಲ್ಲಿರುತ್ತದೆ. ಕೊನೇ ಕಂಬದಲ್ಲಿ ಹಾಗಿರಲ್ಲ. ಆರ್ ಫೇಸಿನಲ್ಲಿ 15 ಆಂಪಿಯರ್ ಹೆಚ್ಚು ಎಳೆದಾಗ ಅದು ನ್ಯೂಟ್ರಲ್‌ನಲ್ಲಿ ವಾಪಸ್ ಹರಿದು, 15 × 0.36, ಸುಮಾರು 5 ವೋಲ್ಟಿನಷ್ಟು ನ್ಯೂಟ್ರಲ್ಲನ್ನು ಆರ್ ಕಡೆಗೆ ಎಳೆಯುತ್ತದೆ. ಮೂರು ಜನ ಮೂರು ದಿಕ್ಕಿಗೆ ಹಗ್ಗ ಹಿಡಿದು ನಡುವೆ ಒಂದು ಗಂಟು ಇದೆ ಅಂದುಕೊಳ್ಳಿ. ಗಂಟು ಒಬ್ಬನ ಕಡೆ ಸರಿದರೆ ಅವನ ಹಗ್ಗ ಗಿಡ್ಡ, ಉಳಿದಿಬ್ಬರ ಹಗ್ಗ ಉದ್ದ. ಅದಕ್ಕೇ ಆರ್‌ನಲ್ಲಿ ಕಮ್ಮಿ, ಬಿ ಫೇಸಿನಲ್ಲಿ 2, 3 ವೋಲ್ಟ್ ಜಾಸ್ತಿ.

ಅಂದರೆ ನಿಮ್ಮ ಲೈನಿನಲ್ಲಿ ಲೋಡ್ ಒಂದೇ ಕಡೆ ವಾಲಿದೆ. ಮನೆಗೆ ಬರುವ ವೋಲ್ಟೇಜ್ ಮೇಲಕ್ಕಾಗಲಿ ಕೆಳಕ್ಕಾಗಲಿ 6 ಶೇಕಡಾ ಒಳಗೆ ಇರಬೇಕು ಅಂತ ನಿಯಮ. 230 ಅಂತ ಹಿಡಿದರೆ ಸುಮಾರು 216 ರಿಂದ 244. ನಿಮ್ಮ 208 ಕಾರು ಇಲ್ಲದೆಯೇ ಕೆಳಗಿದೆ. ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಹಾಕಿ, ಈ ಅಳತೆ ಬರೆದು ದೂರು ಕೊಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೊಗೊಳ್ಳಿ.

ಮೂಡಿಗೆರೆ ಏಲಕ್ಕಿ · 8:12

ನ್ಯೂಟ್ರಲ್ ಅಂದರೆ ಈಗಲೂ ಎದೆ ಝಲ್ ಅನ್ನುತ್ತದೆ. ಎರಡು ವರ್ಷದ ಹಿಂದೆ ಆಷಾಢದ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಬಿದ್ದು ನಮ್ಮ ಲೈನಿನ ನ್ಯೂಟ್ರಲ್ ಮಾತ್ರ ಕಟ್ ಆಯಿತು. ಫೇಸ್ ವೈರು ಹಾಗೇ ಇತ್ತು. ಬಲ್ಬು ಮೊದಲು ಬೆಳ್ಳಗೆ ಉರೀತು, ಹಗಲಿನ ಹಾಗೆ. ಅಯ್ಯೋ ಏನು ಚೆಂದ ಬೆಳಕು ಅನ್ನುವಷ್ಟರಲ್ಲಿ ಟಿವಿ, ಫ್ರಿಡ್ಜ್, ಮೂರು ಫ್ಯಾನು ಎಲ್ಲ ಹೋಯಿತು. ಕೆಳಗಿನ ಮನೆಯವರ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಹಾಕಿತ್ತು. ಸ್ಕೂಟರಿಗೆ ಏನೂ ಆಗಲಿಲ್ಲ, ಚಾರ್ಜರ್ ಸತ್ತಿತು.

ಕಂಬದ ಕೆಲಸ · 8:30

ನ್ಯೂಟ್ರಲ್ ಹೋದರೆ ಲೋಡ್ ಕಮ್ಮಿ ಇರುವ ಫೇಸಿಗೆ 300, 350 ವೋಲ್ಟ್ ವರೆಗೂ ಬರುತ್ತದೆ. 400ರ ಹತ್ತಿರ ಹೋಗಿದ್ದನ್ನೂ ಕಂಡಿದ್ದೇನೆ. ಬಲ್ಬು ಇದ್ದಕ್ಕಿದ್ದಂತೆ ಜಾಸ್ತಿ ಉರಿದರೆ ಖುಷಿಪಡಬೇಡಿ, ಓಡಿಹೋಗಿ ಮೇನ್ ಸ್ವಿಚ್ ಇಳಿಸಿ. ಮನೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ಎಲ್ಲರಿಗೂ ಇದನ್ನು ಹೇಳಿಕೊಡಿ.

ಬಾಳೆಹೊನ್ನೂರು ಹೋಂಸ್ಟೇ · 9:10

ಇದನ್ನು ಓದಿದ ಮೇಲೆ ನನ್ನದೂ ಹೇಳಬೇಕು ಅನ್ನಿಸಿತು. ಶನಿವಾರ ಭಾನುವಾರ ಬೆಂಗಳೂರಿನಿಂದ ಎಲೆಕ್ಟ್ರಿಕ್ ಕಾರಿನ ಅತಿಥಿಗಳು ಜಾಸ್ತಿ ಬರುತ್ತಾರೆ ಅಂತ 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿದೆ. ಮಳೆಗಾಲದಲ್ಲಿ ಚೆನ್ನಾಗಿತ್ತು. ಮಾರ್ಚ್ ಬಂದ ಮೇಲೆ ಹಗಲು ಚಾರ್ಜ್ ಆಗುತ್ತದೆ, ಸಂಜೆ ಆಗಲ್ಲ. ಕೆಂಪು ಲೈಟು, ಅರ್ತ್ ಸರಿ ಇಲ್ಲ ಅಂತ. ರಾತ್ರಿ 9 ಗಂಟೆಗೆ ಅತಿಥಿಗಳು ಮುಖ ಸಣ್ಣ ಮಾಡಿಕೊಂಡು ನಿಂತರೆ ನಮಗೆ ಊಟ ಬಡಿಸೋಕೂ ಸಂಕೋಚ.

ಅರ್ತಿಂಗ್ ಗುಂಡಿಗೆ ನೀರು ಹೊಯ್ದೆ, ಉಪ್ಪು ಹಾಕಿದೆ. ಸ್ವಲ್ಪ ಸುಧಾರಿಸಿ ಮತ್ತೆ ಅದೇ. ಕೊನೆಗೆ ಎಲೆಕ್ಟ್ರಿಷಿಯನ್ ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಮೀಟರ್ ಇಟ್ಟು ನೋಡಿದ. ಸಂಜೆ 14 ವೋಲ್ಟ್, ಹಗಲು 2. ಹೊಸ ಗುಂಡಿ ತೋಡಿಸಿದರೂ 11ಕ್ಕೆ ಇಳಿಯಿತೇ ಹೊರತು ಹೋಗಲಿಲ್ಲ. ಕಂಬದಲ್ಲಿ ನೋಡಿದಾಗ ಗೊತ್ತಾಯಿತು, ನಮ್ಮ ಸರ್ವಿಸ್ ವೈರಿನ ನ್ಯೂಟ್ರಲ್ ಸುಮ್ನೆ ಸುತ್ತಿ ಬಿಟ್ಟಿದ್ದರು. ಬೆರಳಲ್ಲಿ ಮುಟ್ಟಿದರೆ ಬೂದಿ ಬೀಳುವಷ್ಟು ಕಪ್ಪಾಗಿತ್ತು. ಕ್ಲಾಂಪ್ ಹಾಕಿ ಬಿಗಿ ಮಾಡಿದ ಮೇಲೆ 3 ವೋಲ್ಟ್. ಚಾರ್ಜರ್ ಹಸಿರು.

ಕಂಬದ ಕೆಲಸ · 9:22

ಆ ಚಾರ್ಜರ್ ನಿಮ್ಮ ಮನೆ ಉಳಿಸಿತು ಅಂದುಕೊಳ್ಳಿ. ಆ ಜಾಯಿಂಟ್ ಇನ್ನೊಂದು ಮಳೆಗಾಲ ಕಂಡಿದ್ದರೆ ಮೂಡಿಗೆರೆಯವರ ಕಥೆಯೇ ನಿಮ್ಮದೂ ಆಗುತ್ತಿತ್ತು. ಉಪ್ಪು ಮಾತ್ರ ಮತ್ತೆ ಮತ್ತೆ ಸುರಿಯಬೇಡಿ, ಪೈಪು ತಿಂದುಹಾಕುತ್ತದೆ.

ಚನ್ನರಾಯಪಟ್ಟಣ 75 · 1:15

ನನ್ನದು ಬೇರೆ ಪ್ರಶ್ನೆ. ಹೆದ್ದಾರಿ 75ರ ಪಕ್ಕ ನಮ್ಮ ಅಕ್ಕಿ ಗಿರಣಿ. ಹತ್ತಿರದಲ್ಲೇ 60 ಕಿಲೋವ್ಯಾಟಿನ ಫಾಸ್ಟ್ ಚಾರ್ಜರ್ ಬಂದಿದೆ. ಅದು ಬಂದ ಮೇಲೆ ನಮ್ಮ ಕೆಪಾಸಿಟರ್ ಪ್ಯಾನೆಲ್‌ನ ಫ್ಯೂಸು ತಿಂಗಳಿಗೆ ಎರಡು ಸಲ ಹೋಗುತ್ತಿದೆ. ಹಾರ್ಮೋನಿಕ್ಸ್ ಅಂತ ಯಾರೋ ಹೇಳಿದರು. ಏನದು?

ಪವರ್ ಪಾಠ · 2:05

ನಮ್ಮ ಕರೆಂಟು ಸೆಕೆಂಡಿಗೆ 50 ಅಲೆ. ಚಾರ್ಜರ್ ಅದನ್ನು ನೇರ ಕರೆಂಟ್ ಮಾಡುವಾಗ ಅಲೆಯನ್ನು ನುಣ್ಣಗೆ ಕುಡಿಯದೆ ತುಂಡು ತುಂಡಾಗಿ ಕಚ್ಚಿದರೆ, 50ರ ಜೊತೆ 250, 350ರ ಸಣ್ಣ ಅಲೆಗಳು ಸೇರಿಕೊಳ್ಳುತ್ತವೆ. ಐದನೇದು, ಏಳನೇದು ಅನ್ನುತ್ತೇವೆ. ಕೆಪಾಸಿಟರ್ ಈ ವೇಗದ ಅಲೆಗೆ ಬಾಗಿಲು ತೆರೆದ ಹಾಗೆ, ಜಾಸ್ತಿ ಎಳೆದುಕೊಳ್ಳುತ್ತದೆ. ನಿಮ್ಮ ಕೆಪಾಸಿಟರ್ ಮತ್ತು ಟಿಸಿ ಸೇರಿ ಅದೇ ವೇಗಕ್ಕೆ ತಾಳ ಹೊಂದಿದರೆ ಫ್ಯೂಸು ಹೋಗುವುದು ಸಹಜ.

ಆದರೆ ಈಗಿನ ಒಳ್ಳೆಯ ಫಾಸ್ಟ್ ಚಾರ್ಜರ್‌ಗಳಲ್ಲಿ ಅಲೆಯನ್ನು ಸರಿಯಾಗಿ ಎಳೆಯುವ ಸರ್ಕ್ಯೂಟ್ ಇರುತ್ತದೆ. ಅಲೆಯ ವಿರೂಪ 5 ಶೇಕಡಾ ಒಳಗೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2019ರಲ್ಲಿ ನಿಯಮ ತಿದ್ದಿ ಚಾರ್ಜಿಂಗ್ ಸ್ಟೇಷನ್‌ಗಳನ್ನೂ ಒಳಗೆ ತಂದಿದೆ. ಹಾರ್ಮೋನಿಕ್ಸ್‌ಗೆ ಐಇಇಇ 519 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಮಿತಿ, ಲೈನಿಗೆ ನೇರ ಕರೆಂಟ್ ಬಿಡುವುದಕ್ಕೆ 0.5 ಶೇಕಡಾ ಮಿತಿ. ಹಾಗಾಗಿ ಮೊದಲು ನಿಮ್ಮ ಗಿರಣಿಯೊಳಗೇ ನೋಡಿ. ಮೋಟರ್‌ಗಳಿಗೆ ವಿಎಫ್‌ಡಿ (ವೇಗ ಏರಿಳಿಸುವ ಪೆಟ್ಟಿಗೆ) ಹಾಕಿಸಿದ್ದೀರಾ?

ಚನ್ನರಾಯಪಟ್ಟಣ 75 · 2:20

ಹಾಕಿಸಿದ್ದೇವೆ. ಎರಡು. ಹೆಚ್ಚು ಕಮ್ಮಿ ಅದೇ ಸಮಯದಲ್ಲಿ.

ಪವರ್ ಪಾಠ · 2:26

ಹಾಗಾದರೆ ಚಾರ್ಜರನ್ನು ದೂರುವ ಮೊದಲು ಒಂದು ದಿನ ಅಳತೆ ಮಾಡಿಸಿ. ವಿಎಫ್‌ಡಿ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ. ಫಾಸ್ಟ್ ಚಾರ್ಜರ್ 11 ಕೆವಿ (11 ಸಾವಿರ ವೋಲ್ಟ್) ಲೈನಿನಿಂದ ಬೇರೆ ಟಿಸಿಯಲ್ಲಿ ಬಂದಿದ್ದರೆ ಅದರ ಅಲೆ ನಿಮ್ಮ ತನಕ ಬರುವಷ್ಟರಲ್ಲಿ ತುಂಬಾ ಇಳಿದಿರುತ್ತದೆ. ಕೆಪಾಸಿಟರಿಗೆ ಡಿಟ್ಯೂನ್ಡ್ ರಿಯಾಕ್ಟರ್ (ಆ ವೇಗದ ಅಲೆಗಳನ್ನು ತಡೆಯುವ ಸುರುಳಿ) ಹಾಕಿಸಿದರೆ, ಕಾರಣ ಯಾವುದೇ ಇರಲಿ, ಫ್ಯೂಸು ಉಳಿಯುತ್ತದೆ.

ಅರಸೀಕೆರೆ ತೆಂಗು · 2:40

ಮೂರನೇ ದಿನಕ್ಕೂ ಎಲ್ಲರೂ ಕಾರನ್ನು ಬಿಡಿಸಿಕೊಂಡೇ ಬರುತ್ತಿದ್ದೀರಿ. ಬಡವರ ಲೈಟು ಮಂಕಾಗುವುದಂತೂ ನಿಜ. ಕಾರು ಇದ್ದವರು ಲೋಡ್ ಬರೆಸದೆ ಎಳೆದರೆ ಅದರ ನಷ್ಟ ಹೊರುವವರು ಯಾರು?

ಹೇಮಾವತಿ ತೀರ · 3:02

ಅಣ್ಣಾ, ನೀವು ಹೇಳಿದ್ದು ಸರಿ. ಲೋಡ್ ಬರೆಸದಿದ್ದರೆ ಆಫೀಸಿನವರಿಗೆ ಆ ಬೀದಿಯಲ್ಲಿ ಎಷ್ಟು ಬೇಕು ಅಂತಲೇ ಗೊತ್ತಾಗಲ್ಲ. ಒಂದು ಕಿಲೋವ್ಯಾಟ್ ಅಂತ ಕಾಗದದಲ್ಲಿದ್ದರೆ ಟಿಸಿಯನ್ನೂ ಅದೇ ಲೆಕ್ಕಕ್ಕೆ ಕೊಡುತ್ತಾರೆ. ಲೋಡ್ ಏರಿಸಲು ಅರ್ಜಿ ಹಾಕುವುದು ಕಾರು ಕೊಂಡವರ ಕರ್ತವ್ಯ. ನಾನು ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಶಿರಾಡಿ ಸವಾರ · 3:10

ಒಪ್ಪುತ್ತೇನೆ. ನಾನೂ ಈ ವಾರ ಅರ್ಜಿ ಹಾಕುತ್ತೇನೆ, ಇಲ್ಲಿಯವರೆಗೆ ಹಾಕಿರಲಿಲ್ಲ. ಅಂದಹಾಗೆ ಸಕಲೇಶಪುರದಿಂದ ಕೆಳಗೆ ಶಿರಾಡಿ ಇಳಿಯುವಾಗ ಬ್ರೇಕಿನಿಂದಲೇ ಬ್ಯಾಟರಿಗೆ ಎರಡು ಮೂರು ಶೇಕಡಾ ವಾಪಸ್ ತುಂಬುತ್ತದೆ. ಆ ಕರೆಂಟಿಗೆ ಯಾವ ಲೈನೂ ಬೇಡ!

ಮೂಡಿಗೆರೆ ಏಲಕ್ಕಿ · 3:18

ಚಾರ್ಮಾಡಿಯಲ್ಲೂ ಹಾಗೇ. ವಾಪಸ್ ಹತ್ತುವಾಗ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಕೊಟ್ಟಿಗೆಹಾರದಲ್ಲಿ ನಿಂತು ನೀರುದೋಸೆ ತಿನ್ನುವಷ್ಟರಲ್ಲಿ ಚಾರ್ಜಾಗುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಆಲೂರು ಕಡೆಯವನು · ಮುಂದಿನ ಸೋಮವಾರ ರಾತ್ರಿ 9:30

ಬರೆದು ದೂರು ಕೊಟ್ಟೆವು. ನಾನು, ಅಣ್ಣ ಇಬ್ಬರೂ ಸಹಿ ಹಾಕಿದೆವು. ಶುಕ್ರವಾರ ಸಂಜೆ ಲೈನ್‌ಮನ್ ಇಬ್ಬರು ಬಂದರು. ಟಿಸಿ ಹತ್ತಿರ ಟಾಂಗ್ ಟೆಸ್ಟರ್ (ವೈರಿಗೆ ಕಚ್ಚಿಸಿ ಆಂಪಿಯರ್ ನೋಡುವ ಮೀಟರ್) ಹಾಕಿ ನೋಡಿದಾಗ ನಾನೂ ಕೆಳಗೆ ಟಾರ್ಚ್ ಹಿಡಿದು ನಿಂತಿದ್ದೆ. ಆರ್ 92 ಆಂಪಿಯರ್. ವೈ 41. ಬಿ 38. ನ್ಯೂಟ್ರಲ್ 61. 63 ಕೆವಿಎಗೆ ಒಂದು ಫೇಸಿಗೆ 84 ಆಂಪಿಯರ್ ಮಿತಿ ಅಂದರು. ಆರ್ ಅದನ್ನೂ ದಾಟಿತ್ತು. ಹೊಸ ಮನೆ ಕಟ್ಟಿದವರಿಗೆಲ್ಲ ಏಣಿಗೆ ಹತ್ತಿರ ಸಿಕ್ಕಿದ ವೈರಿಗೇ ಕೊಟ್ಟು ಹೀಗಾಗಿದೆ ಅಂತ ಹಿರಿಯ ಲೈನ್‌ಮನ್ ಹೇಳಿದರು.

ಶನಿವಾರ ಬೆಳಿಗ್ಗೆ ಲೈನ್ ಆಫ್ ಮಾಡಿ ಏಳು ಮನೆಗಳ ಫೇಸ್ ಬದಲಾಯಿಸಿದರು. ಮೂರು ಕಂಬದ ನ್ಯೂಟ್ರಲ್ ಜಾಯಿಂಟ್ ಬಿಗಿ ಮಾಡಿದರು. ಸಂಜೆ ಮತ್ತೆ ನೋಡಿದರೆ ಆರ್ 61, ವೈ 56, ಬಿ 54. ನ್ಯೂಟ್ರಲ್ 33. ನಮ್ಮ ಮನೆಯಲ್ಲಿ 7:30ಕ್ಕೆ ಕಾರು ಆನ್ ಇದ್ದಾಗ 213, ಆಫ್ ಇದ್ದಾಗ 223.

ಕಂಬದ ಕೆಲಸ · 9:41

ಮಳೆ ಶುರುವಾಗುವ ಮುಂಚೆ ಆಯಿತಲ್ಲ, ಒಳ್ಳೇದು. ಆ ಹುಡುಗರಿಗೆ ಒಂದು ಲೋಟ ಕಾಫಿ ಕೊಟ್ಟಿರಿ ತಾನೇ?

ಆಲೂರು ಕಡೆಯವನು · 9:44

ಊಟವೇ ಹಾಕಿದೆವು ಸರ್. ದೊಡ್ಡಮ್ಮನ ಮನೆಯಲ್ಲಿ ಅಕ್ಕಿರೊಟ್ಟಿ, ನಮ್ಮ ಮನೆಯಿಂದ ಪಲ್ಯ.

ಕಾಫಿ ಕಣ · 9:50

ಒಂದು ಅನುಮಾನ. ಮೂರೂ ಫೇಸ್ ಸಮ ಆದರೆ ನ್ಯೂಟ್ರಲ್ ಸೊನ್ನೆ ಆಗಬೇಕಲ್ವಾ? ಶಾಲೆಯಲ್ಲಿ ಹಾಗೇ ಓದಿದ್ದು. 33 ಎಲ್ಲಿಂದ ಬಂತು?

ಪವರ್ ಪಾಠ · 10:30

ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿ ಸಿಕ್ಕರೆ ಆ ದಿನ ಪಾಠ ಮಾಡಿದ್ದು ಸಾರ್ಥಕ. ಲೆಕ್ಕ ಹಾಕಿದೆ. 92, 41, 38ಕ್ಕೆ ನ್ಯೂಟ್ರಲ್ ಸುಮಾರು 53 ಬರಬೇಕಿತ್ತು, ಬಂದದ್ದು 61. ಸರಿ ಮಾಡಿದ ಮೇಲೆ 6 ಬರಬೇಕಿತ್ತು, ಬಂದದ್ದು 33. ಎರಡರಲ್ಲೂ ಸುಮಾರು 30 ಆಂಪಿಯರ್ ಬೇರೆ ಎಲ್ಲಿಂದಲೋ ಬಂದಿದೆ. ಇಂಥ ಎರಡು ಕರೆಂಟನ್ನು ನೇರವಾಗಿ ಕೂಡಿಸುವಂತಿಲ್ಲ, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು. ಹಾಗಾಗಿ ಮೊದಲ ಸಲ 53ರ ಜೊತೆ ಅದು 8 ಹೆಚ್ಚಿದಂತೆ ಮಾತ್ರ ಕಂಡಿತು.

ಅದು ಮೂರನೇ ಹಾರ್ಮೋನಿಕ್, 150ರ ಅಲೆ. ಮೂರು ಫೇಸಿನ 50ರ ಅಲೆಗಳು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತವೆ. 150ರ ಅಲೆಗಳು ಮೂರೂ ಒಂದೇ ಹೆಜ್ಜೆಯಲ್ಲಿ ಇರುವುದರಿಂದ ಕಳೆಯುವುದಿಲ್ಲ, ಕೂಡಿಕೊಳ್ಳುತ್ತವೆ. ಎಷ್ಟೇ ಫೇಸ್ ಬದಲಾಯಿಸಿದರೂ ಇದು ಹೋಗಲ್ಲ.

ಯಾರ ಮನೆಯದು ಅಂತ ಕೇಳಿದರೆ, ಎಲ್ಲರ ಮನೆಯದು. ಅಗ್ಗದ ಎಲ್‌ಇಡಿ ಬಲ್ಬು, ಟಿವಿ, ಸೆಟ್‌ಟಾಪ್ ಬಾಕ್ಸ್, ಯುಪಿಎಸ್. ಕಾರಿನೊಳಗಿನ ಚಾರ್ಜರಿನಲ್ಲಿ ಅಲೆ ತಿದ್ದುವ ಸರ್ಕ್ಯೂಟ್ ಇರುತ್ತದೆ, ಪವರ್ ಫ್ಯಾಕ್ಟರ್ 0.98ಕ್ಕಿಂತ ಮೇಲೆ (1 ಇದ್ದರೆ ಪೂರ್ತಿ ಸರಿ). ಈ ವಿಷಯದಲ್ಲಿ ಅದು ಬಲ್ಬಿಗಿಂತ ಸಭ್ಯ. ಆದರೆ ಗುಣಮಟ್ಟ ಇಲ್ಲದ ಚಾರ್ಜರ್‌ಗಳು, ಹಳೇ ಲೆಡ್ ಆಸಿಡ್ ಬ್ಯಾಟರಿ ಗಾಡಿಗಳದ್ದು, ಹೀಗಿರಲ್ಲ. ಅವು ಊರು ತುಂಬಾ ಬಂದರೆ ಸಮಸ್ಯೆ ಅಲ್ಲಿಂದ ಬರುತ್ತದೆ. ನ್ಯೂಟ್ರಲ್ ವೈರು ಫೇಸಿಗಿಂತ ಸಣ್ಣದಿರಬಾರದು ಅನ್ನುವುದೂ ಇದಕ್ಕೇ.

ಅರಸೀಕೆರೆ ತೆಂಗು · 10:44

ನನ್ನ ಮನೆ ಬಲ್ಬೂ ಇದರಲ್ಲಿ ಪಾಲುದಾರ ಅಂತ ಇವತ್ತು ಗೊತ್ತಾಯಿತು. ಸರ್, ಧನ್ಯವಾದ. ನಮ್ಮೂರಿನಲ್ಲೂ ಅಳತೆ ಮಾಡಿಸುತ್ತೇನೆ.

ಬಾಳೆಹೊನ್ನೂರು ಹೋಂಸ್ಟೇ · 11:02

ದೊಡ್ಡ ಸ್ಟೆಬಿಲೈಸರ್ ಹಾಕಿಕೊಂಡರೆ ಆಗಲ್ವಾ?

ಕಂಬದ ಕೆಲಸ · 11:08

ನಿಮ್ಮ ಮನೆಗೆ ಆಗುತ್ತದೆ. ಕಮ್ಮಿ ವೋಲ್ಟೇಜನ್ನು ಏರಿಸಲು ಅದು ಲೈನಿಂದ ಇನ್ನೂ ಜಾಸ್ತಿ ಆಂಪಿಯರ್ ಎಳೆಯುತ್ತದೆ. ಪಕ್ಕದವರಿಗೆ ಇನ್ನಷ್ಟು ಕಮ್ಮಿ. ಅವರೂ ಹಾಕಿಸಿಕೊಂಡರೆ ಕೊನೇ ಮನೆಯವರಿಗೆ ಏನೂ ಉಳಿಯಲ್ಲ.

ಹೇಮಾವತಿ ತೀರ · 11:20

ಸೋಲಾರ್ ಇರುವವರು ಮಧ್ಯಾಹ್ನ ಚಾರ್ಜ್ ಮಾಡಿ. ನಮ್ಮ ಬೀದಿಯಲ್ಲಿ ಮೂರು ಮನೆ ಮೇಲೆ ಪ್ಯಾನೆಲ್ ಇವೆ. ಬಿಸಿಲಿನ ಹೊತ್ತಿನಲ್ಲಿ ವೋಲ್ಟೇಜ್ 250 ದಾಟಿ ಇನ್ವರ್ಟರ್‌ಗಳೇ ಬಂದ್ ಆಗುತ್ತಿದ್ದವು. ನಾನು ಭಾನುವಾರ 12 ಗಂಟೆಗೆ ಕಾರು ಹಾಕಲು ಶುರು ಮಾಡಿದ ಮೇಲೆ 244ರ ಹತ್ತಿರ ನಿಲ್ಲುತ್ತದೆ. ಅದೇ ಕಾರು, ಅದೇ ಲೈನು.

ಕಾಫಿ ಕಣ · 11:31

ಹೋಂಸ್ಟೇಯವರೇ, ಸ್ಪ್ರಿಂಕ್ಲರ್ ಸಮಯದಲ್ಲಿ ನೀವೂ ಮೋಟರ್ ಓಡುವ ಹೊತ್ತು ಬಿಟ್ಟು ಚಾರ್ಜ್ ಮಾಡಿಸಿದರೆ ನಮಗೆ ದೊಡ್ಡ ಉಪಕಾರ. ಹದಿನೈದು ದಿನದ ಮಾತು.

ಬಾಳೆಹೊನ್ನೂರು ಹೋಂಸ್ಟೇ · 11:36

ಖಂಡಿತ. ನಮ್ಮದೂ ಐದು ಎಕರೆ ಕಾಫಿ ಇದೆ, ಆ ಕಷ್ಟ ಗೊತ್ತು. ಮೂರು ಫೇಸ್ ಕೊಡುವ ಗಂಟೆ ನೋಡಿಕೊಂಡು ಬೋರ್ಡಿನಲ್ಲಿ ಬರೆದು ಹಾಕುತ್ತೇನೆ.

ಆಲೂರು ಕಡೆಯವನು · ಗುರುವಾರ ರಾತ್ರಿ 8:05

ಕೊನೇ ಸುದ್ದಿ. ಅಣ್ಣ ಕಾರಿನ ಆ್ಯಪ್‌ನಲ್ಲಿ ಚಾರ್ಜಿಂಗ್ ಶುರುವಾಗುವ ಸಮಯ ರಾತ್ರಿ 11ಕ್ಕೆ ಇಟ್ಟಿದ್ದಾನೆ. ಬೆಳಿಗ್ಗೆ 6ಕ್ಕೆ ಅವನಿಗೆ ಬೇಕಾದಷ್ಟು ತುಂಬಿರುತ್ತದೆ. ಈಗ ಸಂಜೆ 223, ರಾತ್ರಿ ಕಾರು ಎಳೆಯುವಾಗ 217. ಲೋಡಿಗೂ ಅರ್ಜಿ ಹಾಕಿದ್ದಾನೆ. ಅಮ್ಮ ಇವತ್ತು ಸಂಜೆ ಏಳೂವರೆಗೆ ಕಾಯಿ ಚಟ್ನಿ ಅರೆದು ಅರ್ಧ ಆ ಮನೆಗೆ ಕಳಿಸಿದರು.

ಮೂರನೇ ಕಂಬದ ಮೇಷ್ಟ್ರು ಮುಂದಿನ ತಿಂಗಳು ಎಲೆಕ್ಟ್ರಿಕ್ ಕಾರು ತೊಗೊಳ್ಳುತ್ತಾರಂತೆ.

ಕಂಬದ ಕೆಲಸ · 8:11

ಅವರದು ಯಾವ ಫೇಸು?

ಆಲೂರು ಕಡೆಯವನು · 8:13

ಆರ್. ಕಾರು ಬರುವ ಮುಂಚೆಯೇ ಬಿ ಫೇಸಿಗೆ ಹಾಕಿಸಿಕೊಳ್ಳಿ ಅಂತ ಹೇಳಿ ಬಂದೆ. ನಾಳೆ ಅರ್ಜಿ ಬರೆದುಕೊಡುತ್ತೇನೆ.